ನನಗೆ ಬಿದ್ದ ಮಾತು

ನನ್ನ ಅತ್ತೆಯ ಮಾತು ನನಗೆ ಬಿದ್ದಿದೆ ಎಂದು ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದುಹೋಗಿತ್ತು. ಆ ಎರಡು ವರ್ಷ ಅವರು ಸುಮ್ಮನಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಾತಾಡಿಕೊಂಡೇ ಇದ್ದರು. ಅದರಲ್ಲಿ ಒಂದೇ ಒಂದು ಮಾತೂ ಯಾರಿಗೂ ಕೇಳಿರಲಿಲ್ಲ.

ನಮ್ಮೂರಲ್ಲಿ ವಯಸ್ಸಾದವರ ಮಾತು ಒಂದು ದಿನ ಯಾರಾದರೊಬ್ಬರಿಗೆ ಬೀಳುತ್ತದೆ. ಎಪ್ಪತ್ತಕ್ಕೂ ಬೀಳಬಹುದು, ಎಂಬತ್ತೈದಕ್ಕೂ ಬೀಳಬಹುದು. ಅಂದಿನಿಂದ ಅವರು ಆಡಿದ್ದು ಆ ಒಬ್ಬರಿಗೆ ಬಿಟ್ಟು ಇನ್ನಾರಿಗೂ ಕೇಳುವುದಿಲ್ಲ. ಕೇಳುವವರನ್ನು ನಾವು ಕಿವಿ ಎನ್ನುತ್ತೇವೆ. ಹೋಟೆಲಿನಲ್ಲಿ ಅಜ್ಜ ಬಾಯಿ ಆಡಿಸುತ್ತಾರೆ, ಪಕ್ಕದಲ್ಲಿ ಕೂತ ಮಗಳು 'ನನಗೆ ಸಕ್ಕರೆ ಇಲ್ಲದ ಕಾಫಿ' ಎನ್ನುತ್ತಾಳೆ, ಮಾಣಿ ಅಜ್ಜನ ಮುಂದೆ ಲೋಟ ಇಡುತ್ತಾನೆ. ಕಿವಿಯಾದವರು 'ಅವರು ಹೀಗೆ ಅಂತಾರೆ' ಎನ್ನಬಾರದು. 'ನನಗೆ' 'ನಾನು' ಎಂದು ಹಿರಿಯರ ಮಾತನ್ನು ಇದ್ದ ಹಾಗೇ ಹೇಳಬೇಕು. ಗಂಡಹೆಂಡಿರ ಮಾತು ಒಬ್ಬರದು ಒಬ್ಬರಿಗೆ ಬಿದ್ದರೆ ಅದೃಷ್ಟ. ನಮ್ಮ ಬೀದಿಯ ಒಂದು ಜೋಡಿಗೆ ಹಾಗಾಗದೆ, ಜಗಳ ಆಡಬೇಕಾದರೆ ಮಗನನ್ನೂ ಮಗಳನ್ನೂ ಎದುರುಬದುರು ಕೂರಿಸಿಕೊಳ್ಳಬೇಕಾಗಿತ್ತು. ಮದುವೆಯಾಗದೆ ಉಳಿದ ಪೋಸ್ಟ್‌ಮಾಸ್ಟರೊಬ್ಬರ ಮಾತು ಅವರಿಗೆ ಕ್ಷೌರ ಮಾಡುತ್ತಿದ್ದವನಿಗೆ ಬಿತ್ತು. ಅವನು ಅಂಗಡಿಯನ್ನೇ ಅವರ ಮನೆಯ ಜಗಲಿಗೆ ತಂದುಕೊಂಡ. ಯಾರಿಗೆ ಯಾಕೆ ಬೀಳುತ್ತದೆ ಎನ್ನುವುದಕ್ಕೆ ಲೆಕ್ಕವಿಲ್ಲ. ಪ್ರೀತಿ ಇದ್ದ ಕಡೆ ಬೀಳುತ್ತದೆ ಎಂದು ಕೆಲವರು, ಬಾಕಿ ಉಳಿದ ಕಡೆ ಬೀಳುತ್ತದೆ ಎಂದು ಕೆಲವರು.

ಅತ್ತೆಯ ಹೆಸರು ಪುಟ್ಟಚೌಡಮ್ಮ. ಹೂವಿನ ಮಂಡಿಯಲ್ಲಿ ನಲವತ್ತು ವರ್ಷ ಹರಾಜು ಕೂಗಿದವರು. ಅಕ್ಷರ ಕಲಿತವರಲ್ಲ. ಅವರಿಗೆ ಮೂವರು ಮಕ್ಕಳು: ರಂಗಧಾಮ, ಕೆಂಪರಾಜ, ಪಾರಿಜಾತ. ನಡುವಿನ ಕೆಂಪರಾಜ ನನ್ನ ಗಂಡ. ಮದುವೆಯಾದ ಆರನೇ ವರ್ಷ ಅವನು ತೀರಿಕೊಂಡ. ನಮಗೆ ಮಕ್ಕಳಿರಲಿಲ್ಲ. ಮೂರು ವರ್ಷ ಕಳೆದ ಮೇಲೆ ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಹಾಲಪ್ಪನನ್ನು ಮದುವೆಯಾದೆ. ಅಂದಿನಿಂದ ಆ ಮನೆಯವರಿಗೂ ನನಗೂ ಹೋಗಿಬರುವುದು ನಿಂತಿತು.

ಅತ್ತೆಗೆ ಮೊಣಕಾಲು ಸವೆದು ಮೆಟ್ಟಿಲು ಹತ್ತುವುದು ಆಗದೆ ಹೋದಾಗ, ಮೂರನೇ ಮಹಡಿಯ ಮನೆಯಲ್ಲಿದ್ದ ರಂಗಧಾಮ ಅವರನ್ನು ಕೆರೆ ಏರಿಯ ಕೆಳಗಿನ ಆಸರೆ ಮನೆಗೆ ಸೇರಿಸಿದನಂತೆ. ಸೇರಿದ ತಿಂಗಳಿಗೇ ಅವರ ಮಾತು ಕೇಳಿಸದಾಯಿತಂತೆ. ಪದ್ಧತಿಯಂತೆ ಕುಟುಂಬದವರೆಲ್ಲ ಒಬ್ಬೊಬ್ಬರಾಗಿ ಅವರ ಎದುರು ಕೂತಿದ್ದಾರೆ. ಮಗ, ಮಗಳು, ಅಳಿಯ, ಸೊಸೆ, ಮೊಮ್ಮಕ್ಕಳು, ಎಲ್ಲರೂ ತಲೆಯಾಡಿಸಿ ಎದ್ದಿದ್ದಾರೆ. ಆಸರೆ ಮನೆಯ ಕಡತದಲ್ಲಿ 'ಕಿವಿ ಇಲ್ಲ' ಎಂದು ಬರೆದುಕೊಂಡಿದ್ದಾರೆ. ಹಾಗೆ ಬರೆಸಿಕೊಂಡವರ ಔಷಧಿ, ಆಸ್ಪತ್ರೆ, ಊಟ, ಎಲ್ಲಕ್ಕೂ ಹಿರಿಯ ಮಕ್ಕಳು ಹೇಳಿದ್ದೇ ಮಾತು. ತಲೆಯಾಡಿಸಿದ್ದು, ಕೈಸನ್ನೆ ಮಾಡಿದ್ದು ನಮ್ಮೂರಲ್ಲಿ ಲೆಕ್ಕಕ್ಕಿಲ್ಲ. ಮುದುಕರು ತಲೆಯಾಡಿಸಿದ್ದನ್ನು ಮಕ್ಕಳು ತಮಗೆ ಬೇಕಾದ ಹಾಗೆ ಓದಿಕೊಂಡು ಹಿಂದೆ ಬೇಕಾದಷ್ಟು ರಾದ್ಧಾಂತಗಳಾಗಿವೆ.

ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕೆಂದು ನನಗೂ ಅನಿಸಿರಲಿಲ್ಲ.

ವೈಶಾಖದ ಒಂದು ಮಧ್ಯಾಹ್ನ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತ ಕೂತಿದ್ದೆ. ಆಸರೆ ಮನೆಯ ಮೇಟ್ರನ್ ಲೂಸಿಯಮ್ಮ ಬಂದು ಬಾಗಿಲಲ್ಲಿ ನಿಂತರು. ಕೊಡೆ ಮಡಚುತ್ತ, ಬೆವರು ಒರೆಸಿಕೊಳ್ಳುತ್ತ, "ನೀವು ಪುಟ್ಟಚೌಡಮ್ಮನ ಸೊಸೆ ಅಲ್ವಾ?" ಎಂದರು.

"ಆಗಿದ್ದೆ," ಎಂದೆ.

"ಅವರ ಕಾಲಿನ ಬೆರಳು ಕಪ್ಪಾಗಿದೆ. ಸಕ್ಕರೆ ಕಾಯಿಲೆ. ಮೊಣಕಾಲಿನ ಕೆಳಗೆ ತೆಗೆದ್ರೆ ಉಳೀತಾರೆ, ಇಲ್ದಿದ್ರೆ ಎರಡು ಮೂರು ವಾರ ಅಂತಾರೆ ಡಾಕ್ಟರು. ಮಗ ಬೇಡ ಅಂತ ಹೇಳ್ಬಿಟ್ಟಿದಾರೆ. ಕಾಲಿಲ್ದೆ ನಮ್ಮವ್ವ ಬದುಕಲ್ಲ, ನೆಮ್ಮದಿಯಾಗಿ ಹೋಗ್ಲಿ ಅಂತಾರೆ. ಅವರು ಕೆಟ್ಟೋರಲ್ಲಮ್ಮ. ಪ್ರತಿ ಭಾನುವಾರ ತಪ್ಪದೆ ಬರ್ತಾರೆ." ಅವರು ಕೊಡೆಯನ್ನು ಗೋಡೆಗೆ ಒರಗಿಸಿದರು. "ಆದ್ರೆ ಆಯಮ್ಮನ ತುಟಿ ದಿನವಿಡೀ ಆಡ್ತಾ ಇರ್ತದೆ. ನಾನು ದಿನಾ ನೋಡ್ತೀನಲ್ಲ. ಕೇಳಿಸ್ಕೊಳ್ದೆ ಕಳಿಸೋಕೆ ಮನಸ್ಸು ಬರ್ತಿಲ್ಲ. ಒಂದು ಸಲ ಬಂದು ಕೂತು ನೋಡಿ."

ನಾನು ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಊಟಕ್ಕೆ ಬಂದಿದ್ದ ಹಾಲಪ್ಪ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. "ಹೋಗಿ ಬಾ," ಎಂದ. "ಕೇಳಿಸ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡು. ಕೇಳಿಸ್ತು ಅಂದ್ರೆ..." ಎಂದವನು ಅಲ್ಲಿಗೇ ಬಿಟ್ಟು ಕೈ ತೊಳೆಯಲು ಹೋದ.

ಆಸರೆ ಮನೆಯ ಉದ್ದನೆಯ ಪಡಸಾಲೆಯಲ್ಲಿ ಲೂಸಿಯಮ್ಮನ ಹಿಂದೆ ನಡೆಯುತ್ತಿದ್ದಾಗಲೇ ನನಗೆ ಆ ದನಿ ಕೇಳಿತು. "ಯಾರಾದ್ರೂ ಬಚ್ಚಲ ನಲ್ಲಿ ನಿಲ್ಸ್ರೇ! ಬೆಳಗ್ಗೆಯಿಂದ ತೊಟ್ಟಿಕ್ತಾ ಐತೆ. ತಲೆ ಚಿಟ್ಟು ಹಿಡೀತದೆ!" ಮಂಡಿಯ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿದ್ದ ದನಿ. ಹಾಲಿನ ಲೋಟಗಳ ತಟ್ಟೆ ಹಿಡಿದ ಆಯಾ ಒಬ್ಬಳು ಅದೇ ಬಾಗಿಲ ಮುಂದೆ ತನ್ನ ಪಾಡಿಗೆ ಹಾಡು ಗುನುಗಿಕೊಂಡು ಹೋದಳು. ನನ್ನ ಹೆಜ್ಜೆ ನಿಂತದ್ದನ್ನು ನೋಡಿ ಲೂಸಿಯಮ್ಮ ತಿರುಗಿದರು. ನನ್ನ ಮುಖದಲ್ಲೇ ಅವರಿಗೆ ಉತ್ತರ ಸಿಕ್ಕಿರಬೇಕು. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

ನಾನು ಒಳಗೆ ಹೋಗಿ ಮೊದಲು ಬಚ್ಚಲ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದೆ. ಹೊರಗೆ ಬಂದಾಗ ಅತ್ತೆ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಮುಖ ಒಣಗಿ ಸಣ್ಣದಾಗಿತ್ತು.

"ಕೇಳಿಸ್ತಾ?" ಎಂದರು.

"ಕೇಳಿಸ್ತು ಅತ್ತೆ."

ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. "ಅಯ್ಯೋ ನನ್ನ ಹಣೇಬರವೇ!" ಎಂದರು. "ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ? ನಿನಗೇ ಬೀಳ್ಬೇಕಿತ್ತಾ?"

ಆಮೇಲೆ ಒಂದು ಗಂಟೆ ಬಾಯಿ ಮುಚ್ಚಲಿಲ್ಲ. ಗಂಜಿಯಲ್ಲಿ ಉಪ್ಪಿಲ್ಲ. ರವಿಕೆ ಕಂಕುಳಲ್ಲಿ ಬಿಗಿ. ಪಕ್ಕದ ಹಾಸಿಗೆಯವಳು ತನ್ನ ಬಾಚಣಿಗೆ ತೆಗೆದುಕೊಂಡು ಹೋಗಿದ್ದಾಳೆ. ಭಾನುವಾರ ರಂಗಧಾಮ ತರುವ ಬಾಳೆಹಣ್ಣು ತನಗೆ ಬೇಡ, ಹಲಸಿನ ತೊಳೆ ಬೇಕು ಎಂದು ನೂರು ಸಲ ಹೇಳಿಯಾಗಿದೆ. ಅವನು ನಕ್ಕು ಬಾಳೆಹಣ್ಣು ಸುಲಿದು ಬಾಯಿಗೆ ಇಡುತ್ತಾನೆ. ನಾನು ಬಾಗಿಲ ಬಳಿ ನಿಂತಿದ್ದ ಲೂಸಿಯಮ್ಮನಿಗೆ ಒಂದೊಂದಾಗಿ ಹೇಳುತ್ತ ಹೋದೆ. ಅವರು ಚೀಟಿಯಲ್ಲಿ ಬರೆದುಕೊಂಡರು. ಬರೆಯುತ್ತ ಬರೆಯುತ್ತ ಅವರ ಕೈ ನಿಧಾನವಾಯಿತು.

"ಕಾಲು ಯಾವಾಗಿಂದ ಅತ್ತೆ?" ಎಂದು ನಾನೇ ಕೇಳಿದೆ.

"ಸಂಕ್ರಾಂತಿ ಎಳ್ಳು ತಿಂದ ದಿನದಿಂದ. ಚಪ್ಪಲಿ ಕಚ್ಚಿ ಗುಳ್ಳೆ ಆಯ್ತು. ಉರೀತದೆ ಉರೀತದೆ ಅಂತ ಬಂದೋರಿಗೆಲ್ಲ ಹೇಳ್ದೆ. ರಂಗನಿಗೆ ಹೇಳ್ದೆ. ಅವನ ಕೈ ಹಿಡ್ಕೊಂಡು ಹೇಳ್ದೆ. ಕಾಲು ಒತ್ತು ಅಂತೀನಿ ಅಂದ್ಕೊಂಡು ಒತ್ತಿ ಹೋದ."

ಸಂಕ್ರಾಂತಿ ಕಳೆದು ನಾಲ್ಕು ತಿಂಗಳಾಗಿತ್ತು. ಇದನ್ನು ನಾನು ಲೂಸಿಯಮ್ಮನಿಗೆ ಹೇಳಲಿಲ್ಲ.

ಸಂಜೆಗೆ ಮುಂಚೆ ಡಾಕ್ಟರ್ ಶಾಹಿನಾ ಬಂದರು. ಮೂವತ್ತೈದರ ಹೆಂಗಸು. ಮಂಚದ ಅಂಚಲ್ಲಿ ಕೂತು ನನ್ನನ್ನಲ್ಲ, ಅತ್ತೆಯನ್ನೇ ನೋಡುತ್ತ ಎಲ್ಲವನ್ನೂ ಹೇಳಿದರು. ಎಲ್ಲಿಗೆ ಕೊಯ್ಯಬೇಕು, ಎಷ್ಟು ನೋವು, ಉಳಿಯುವ ಭರವಸೆ ಎಷ್ಟು. ಬೇಡವೆಂದರೆ ನೋವು ತಿಳಿಯದ ಹಾಗೆ ಮದ್ದು ಕೊಟ್ಟು ನೋಡಿಕೊಳ್ಳುತ್ತೇವೆ, ಅದೂ ತಪ್ಪಲ್ಲ ಎಂದರು. "ನಾಳೆ ಮಧ್ಯಾಹ್ನದೊಳಗೆ ಹೇಳ್ಬೇಕಮ್ಮ. ಜ್ವರ ಶುರುವಾಗಿದೆ. ಕಿವಿಯವರ ಸಹಿ ಒಂದು, ಹೆತ್ತ ಮಕ್ಕಳಲ್ಲಿ ಒಬ್ಬರ ಸಹಿ ಒಂದು, ಎರಡೂ ಬೇಕು," ಎಂದು ಹೇಳಿ ಕಾಗದವನ್ನು ಮೇಜಿನ ಮೇಲಿಟ್ಟು ಹೋದರು.

ಅತ್ತೆ ಬೇಡ ಎನ್ನುತ್ತಾರೆ ಎಂದೇ ನನಗೂ ಅನಿಸಿತ್ತು. ಮಂಡಿಯಲ್ಲಿ ಗಟ್ಟಿ ಹೆಂಗಸು ಎಂದರೆ ಅವರೇ. ಗಂಡ ಸತ್ತ ಹನ್ನೊಂದನೇ ದಿನ ಹರಾಜಿನ ಕಟ್ಟೆ ಹತ್ತಿ ನಿಂತವರು. ಇನ್ನೊಬ್ಬರ ಹೆಗಲು ಹಿಡಿದು ನಡೆದವರಲ್ಲ.

"ಕುಯ್ಯಲಿ," ಎಂದರು ಅತ್ತೆ.

"ಅತ್ತೆ, ಇನ್ನೊಂದು ಸಲ ಯೋಚ್ನೆ..."

"ಎರಡು ವರ್ಷದಿಂದ ಅದೇ ಮಾಡ್ತಾ ಕೂತಿದೀನಿ. ಇನ್ನೇನು ಕೆಲ್ಸ ನನಗೆ? ಕುಯ್ಯಲಿ. ಬದುಕ್ಬೇಕು ನಾನು." ನನ್ನ ಮುಖ ನೋಡಿದರು. "ಯಾಕೆ ಅಂತ ಕೇಳ್ತಿದೆ ನಿನ್ನ ಮುಖ. ಏನೂ ಇಲ್ಲ ಕಣೇ. ಬೆಳಗ್ಗೆ ಎದ್ರೆ ಬೆಳಕಾಗಿರ್ತದೆ. ಅಷ್ಟು ಸಾಕು ನನಗೆ. ಸಾಯೋಕೆ ಭಯ ಆಗ್ತದೆ. ಇದನ್ನ ಯಾರತ್ರ ಹೇಳ್ಲಿ? ನನ್ನ ಮಕ್ಕಳು ನಾನು ಕಲ್ಲು ಅಂದ್ಕೊಂಡಿವೆ."

ನಾನು ಎದ್ದು ಬರಬಹುದಿತ್ತು. ಕೇಳಬೇಕಾದ್ದು ಕೇಳಿಯಾಗಿತ್ತು. ಆದರೆ ಹನ್ನೊಂದು ವರ್ಷದಿಂದ ಒಳಗೆ ಇಟ್ಟುಕೊಂಡದ್ದು ಅಷ್ಟು ಹತ್ತಿರ ಕೂತಾಗ ಸುಮ್ಮನಿರಲಿಲ್ಲ.

ಕೆಂಪರಾಜನ ಮೂತ್ರಪಿಂಡ ಎರಡೂ ಕೆಟ್ಟಿದ್ದವು. ಬಾಯಲ್ಲಿ ಕೊಳವೆ ಹಾಕಿ ಮಲಗಿಸಿದ್ದರು. ಮಾತಿಲ್ಲ, ಆದರೆ ಕಣ್ಣು ತೆರೆದಿತ್ತು, ಎಚ್ಚರವಿತ್ತು. ಇನ್ನೊಂದು ವಾರ ನೋಡೋಣ ಎಂದು ವೈದ್ಯರು ಹೇಳಿದ್ದರು. ನಾನು ಮನೆಗೆ ಹೋಗಿ ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಹೆಬ್ಬೆಟ್ಟು ಒತ್ತಿ ಅವನನ್ನು ಮನೆಗೆ ಸಾಗಿಸಲು ಗಾಡಿ ತರಿಸಿದ್ದರು. ನಾನು ಗಾಡಿಗೆ ಅಡ್ಡ ನಿಂತೆ. "ಹೆತ್ತೋಳು ನಾನು. ನೀನು ಆರು ವರ್ಷದೋಳು," ಎಂದರು. ಮೂರನೇ ದಿನ ಬೆಳಗ್ಗೆ ಅವನು ಹೋದ.

"ಅವತ್ತು ಯಾಕೆ ಹಾಗೆ ಮಾಡಿದ್ರಿ?" ಎಂದೆ. "ನನ್ನನ್ನ ಕೇಳ್ಲಿಲ್ಲ, ಹೋಗ್ಲಿ. ಅವನನ್ನ ಒಂದು ಮಾತು ಕೇಳಿದ್ರಾ?"

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಜ್ವರಕ್ಕೆ ತುಟಿ ಸೀಳಿತ್ತು.

"ಕೇಳ್ಲಿಲ್ಲ," ಎಂದರು. "ಆ ಕೊಳವೆ, ಆ ಸೂಜಿ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ. ಅವನಿಗೋಸ್ಕರ ಅಂತ ಎಲ್ಲರಿಗೂ ಹೇಳ್ದೆ. ನನಗೋಸ್ಕರ ಮಾಡ್ದೆ. ಕೇಳಿದ್ರೆ ಅವನು ಕಣ್ಣಲ್ಲೇ ಬೇಡ ಅಂದಿರೋನು. ಇಲ್ಲೇ ಇರ್ತೀನಿ ಅಂದಿರೋನು. ಅದು ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ."

ನಾನು ಎದ್ದು ಹೊರಗೆ ಬಂದೆ. ಹಿಂದಿನಿಂದ ಅವರು ನನ್ನ ಹೆಸರು ಕೂಗಿದರು. ಆ ಕಟ್ಟಡದಲ್ಲಿ ಅರವತ್ತು ಜನ ಇದ್ದರು. ಕೂಗು ಕೇಳಿದ್ದು ನನಗೊಬ್ಬಳಿಗೆ. ನಾನು ತಿರುಗಿ ನೋಡಲಿಲ್ಲ.

ಮುಂಬಾಗಿಲ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಕೆರೆ ಏರಿ, ಅದರ ಮೇಲೆ ಮೇಯ್ದು ಮನೆಗೆ ಹೊರಟ ಎಮ್ಮೆಗಳು. ಒಂದು ವಿಷಯ ನನಗೆ ಸ್ಪಷ್ಟವಾಗಿತ್ತು. ಲೂಸಿಯಮ್ಮ ಹೇಳಿಕಳಿಸಿದ್ದರಿಂದ ಇನ್ನು ಅರ್ಧ ಗಂಟೆಗೆ ರಂಗಧಾಮ, ಪಾರಿಜಾತ ಬರುತ್ತಾರೆ. ಅವ್ವ ಏನಂದಳು ಎಂದು ಕೇಳುತ್ತಾರೆ. 'ಬೇಡ ಅಂದರು' ಎಂದರೆ ಸಾಕು. ಅವರು ಕೇಳಲು ಕಾಯುತ್ತಿರುವುದೂ ಅದನ್ನೇ. ಯಾರೂ ಅನುಮಾನಿಸುವುದಿಲ್ಲ. ಕೆಂಪರಾಜನಿಗೆ ಆದದ್ದೇ ಅತ್ತೆಗೂ ಆಗುತ್ತದೆ. ನಾನು ಸುಳ್ಳು ಹೇಳಿದ್ದು ಗೊತ್ತಾಗುವುದು ಒಬ್ಬರಿಗೆ ಮಾತ್ರ, ಅವರು ಅದನ್ನು ಕೂಗಿ ಹೇಳಿದರೂ ಕೇಳುವುದು ನನಗೊಬ್ಬಳಿಗೇ. ಇದನ್ನೆಲ್ಲ ಯೋಚಿಸಿದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಯೋಚಿಸಿದ್ದು ನಿಜ. ಸುಮ್ಮನೆ ಹಾದುಹೋದ ಯೋಚನೆಯೂ ಅಲ್ಲ, ಅದನ್ನು ಮಡಿಲಲ್ಲಿಟ್ಟುಕೊಂಡು ಸವರಿದ್ದೂ ನಿಜ.

ಅವರಿಬ್ಬರೂ ಬಂದರು. ರಂಗಧಾಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಚೆನ್ನಾಗಿದೀರಾ ವಿಮಲಾಕ್ಷಿಯವ್ರೇ?" ಎಂದ. ಮೊದಲೆಲ್ಲ ನನ್ನನ್ನು ವಿಮಲಾ, ನೀನು ಎನ್ನುತ್ತಿದ್ದವನು. ಲೂಸಿಯಮ್ಮ ತಮ್ಮ ಕೋಣೆಯಲ್ಲಿ ನಮ್ಮ ಮೂವರನ್ನೂ ಕೂರಿಸಿದರು.

"ನಿಮಗೆ ಕೇಳಿಸ್ತದಂತೆ," ಎಂದ ರಂಗಧಾಮ. ದನಿಯಲ್ಲಿ ಮುನಿಸಿಗಿಂತ ದಣಿವು ಹೆಚ್ಚಿತ್ತು. "ಏನಂದ್ಳು ಅವ್ವ?"

ಬಾಯಿ ತೆರೆದಾಗ ಏನು ಬರುತ್ತದೆ ಎನ್ನುವುದು ನನಗೇ ಖಾತ್ರಿ ಇರಲಿಲ್ಲ. "ಕುಯ್ಯಲಿ. ಬದುಕ್ಬೇಕು ನಾನು. ಸಾಯೋಕೆ ಭಯ ಆಗ್ತದೆ," ಎಂದೆ. ಪದ್ಧತಿಯಂತೆ ಅವರ ಮಾತನ್ನೇ ಹೇಳಿದೆ. ನಾನು ಒಳ್ಳೆಯವಳೆಂದು ಹೇಳಿದ್ದಲ್ಲ. ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದು ಮಾಡಿಕೊಳ್ಳುವುದು ನನ್ನಿಂದ ಆಗಲಿಲ್ಲ, ಅಷ್ಟೆ.

ಪಾರಿಜಾತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಂಗಧಾಮ ನಕ್ಕ. "ನಮ್ಮವ್ವ? ಭಯ ಅಂದ್ಳಾ? ಅರವತ್ತು ವರ್ಷದಿಂದ ಅವಳ ಮಗ ನಾನು. ಆ ಪದ ಅವಳ ಬಾಯಲ್ಲಿ ಕೇಳಿಲ್ಲ."

"ಈಗ ಅಂದಿದಾರೆ ಭಾವ."

"ಭಾವ ಅನ್ಬೇಡಿ!" ಮೇಜಿನ ಮೇಲೆ ಕೈ ಬಡಿದ. "ನಿಮಗೆ ಅವಳ ಮೇಲೆ ದ್ವೇಷ ಇದೆ. ಇರ್ಲಿ, ಇರೋದು ನ್ಯಾಯನೇ. ಆದ್ರೆ ಅದನ್ನ ಹೀಗೆ ತೀರಿಸ್ಕೋಬೇಡಿ. ಅವಳನ್ನ ಕುಂಟಿ ಮಾಡಿ, ಕೂತಲ್ಲಿ ಹೇಲು ಉಚ್ಚೆ ಮಾಡ್ಕೊಳ್ಳೋದನ್ನ ನೋಡ್ಬೇಕು ನಿಮಗೆ. ಎರಡು ವರ್ಷ ನಾನು ವಾರವಾರ ಬಂದಿದೀನಿ. ಅವಳ ಮುಖ ನೋಡಿದ್ರೆ ನನಗೆ ತಿಳೀತದೆ. ಅವಳಿಗೆ ಸಾಕಾಗಿದೆ. ಅವಳು ಶಾಂತವಾಗಿದಾಳೆ."

"ಶಾಂತವಾಗಿಲ್ಲ. ಮಾತಾಡ್ತಾ ಇದಾರೆ. ನಿಲ್ಲಿಸೇ ಇಲ್ಲ."

"ಸುಳ್ಳು."

ಲೂಸಿಯಮ್ಮ ತಮ್ಮ ಚೀಟಿಯನ್ನು ಅವನ ಮುಂದೆ ಸರಿಸಿದರು. ಅವನು ಕನ್ನಡಕ ಹಾಕಿಕೊಂಡು ಓದಿದ. ಗಂಜಿ, ರವಿಕೆ, ಬಾಚಣಿಗೆ. ಹಲಸಿನ ತೊಳೆ ಎಂಬಲ್ಲಿ ಅವನ ಬೆರಳು ನಿಂತದ್ದನ್ನು ಕಂಡೆ. "ಇದನ್ನ ಯಾರು ಬೇಕಾದ್ರೂ ಬರೆಸಬಹುದು," ಎಂದ. ಆದರೆ ದನಿ ಇಳಿದಿತ್ತು.

ನನ್ನನ್ನು ನಂಬಲು ಅವನಿಗೆ ಏನು ಅಡ್ಡ ಬರುತ್ತಿದೆ ಎನ್ನುವುದು ನನಗೆ ಅರ್ಥವಾದದ್ದು ಆಗ. ನನ್ನ ಮೇಲಿನ ಅನುಮಾನ ದೊಡ್ಡದಾಗಿರಲಿಲ್ಲ. ನನ್ನ ಮಾತು ನಿಜವಾದರೆ ಅವನ ನೂರು ಭಾನುವಾರಗಳು ಬೇರೆಯೇ ಆಗಿಬಿಡುತ್ತಿದ್ದವು. ಪ್ರತಿ ಸಲ ಬಾಳೆಹಣ್ಣು ಸುಲಿದು, ಕಾಲು ಒತ್ತಿ, ಅವ್ವ ಆರಾಮಾಗಿದ್ದಾಳೆ ಎಂದುಕೊಂಡು ಬಸ್ಸು ಹತ್ತಿದ್ದನಲ್ಲ, ಅಷ್ಟೂ ಸಲ.

ಪಾರಿಜಾತ ಮೊದಲ ಸಲ ಬಾಯಿ ತೆರೆದಳು. "ಅಣ್ಣಾ, ನಾನು ಬೇಕಾದ್ರೆ ಸಹಿ ಹಾಕ್ತೀನಿ. ಆದ್ರೆ ನೀನು ಒಪ್ಪದೆ ಹಾಕಲ್ಲ. ನಾಳೆ ಏನಾದ್ರೂ ಆದ್ರೆ ನಾವಿಬ್ರೂ ಮುಖ ನೋಡ್ಕೊಳ್ಳೋಕಾಗಲ್ಲ. ನೀನೇ ಹೋಗಿ ಅವ್ವನ್ನ ಕೇಳು."

ಮಾರನೇ ದಿನ ಬೆಳಗ್ಗೆ ಅವನು ಬಂದು ಮಂಚದ ಪಕ್ಕ ಸ್ಟೂಲು ಎಳೆದು ಕೂತ. ನಾನು ಇನ್ನೊಂದು ಪಕ್ಕ ನಿಂತೆ. ಅತ್ತೆಗೆ ಜ್ವರ ಏರಿತ್ತು, ಎಚ್ಚರವಿತ್ತು. ಕೋಣೆಯಲ್ಲಿ ಹುಣ್ಣಿನ ವಾಸನೆ. ಅವರು ಮಗನನ್ನು ಕಣ್ಣು ತುಂಬ ನೋಡಿ, "ಯಾಕೋ, ಗಡ್ಡ ಮಾಡ್ಕೊಂಡಿಲ್ಲ?" ಎಂದರು. ನಾನು ಅದನ್ನು ಹಾಗೆಯೇ ಹೇಳಿದೆ. ರಂಗಧಾಮನ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಅವ್ವಾ," ಎಂದ. "ಈಯಮ್ಮ ಹೇಳೋದು ನಿನ್ನ ಮಾತೇನಾ?"

"ನನ್ನ ಮಾತಲ್ದೆ ಇವಳ ಮಾತಾ? ಇವಳಿಗೆ ಅಷ್ಟು ಬುದ್ಧಿ ಎಲ್ಲಿದೆ? ಇವಳು ಮಾಡೋ ಸಾರಿಗೆ ನಾಯಿನೂ ಮೂತಿ ಇಡಲ್ಲ."

ಒಂದು ಕ್ಷಣ ತಡೆದು ನಾನು ಅದನ್ನೂ ಹೇಳಿದೆ. 'ಇವಳು' ಎನ್ನುವಲ್ಲಿ ನನ್ನನ್ನೇ ಕೈ ಮಾಡಿ ತೋರಿಸಬೇಕಾಯಿತು. ಬಾಗಿಲಲ್ಲಿ ನಿಂತ ಪಾರಿಜಾತ ಅಳುತ್ತಲೇ ನಕ್ಕುಬಿಟ್ಟಳು. ರಂಗಧಾಮ ನಗಲಿಲ್ಲ. ತಲೆ ತಗ್ಗಿಸಿದ. ಆಮೇಲೆ ಹೊದಿಕೆಯ ಮೇಲಿಂದ ಕಟ್ಟು ಹಾಕಿದ ಕಾಲಿನ ಹತ್ತಿರ ಕೈ ತಂದು, ಮುಟ್ಟದೆ ನಿಲ್ಲಿಸಿ, ತಾಯಿಯನ್ನಲ್ಲ, ನನ್ನನ್ನು ಕೇಳಿದ.

"ಕೇಳಿ ಅವಳನ್ನ. ಈ ಕಾಲು ಯಾವಾಗಿಂದ ನೋಯ್ತಿತ್ತು ಅಂತ."

ಉತ್ತರ ನನಗೆ ಗೊತ್ತಿತ್ತು. ಸಂಕ್ರಾಂತಿ, ಎಳ್ಳು, ಚಪ್ಪಲಿ, ಕೈ ಹಿಡಿದು ಹೇಳಿದ್ದು. ನಾನು ಕೇಳುವ ಅಗತ್ಯವಿರಲಿಲ್ಲ, ಅತ್ತೆಗೆ ಅವನ ಮಾತು ಕೇಳಿಸುತ್ತಿತ್ತು. ಅವರು ಮಗನ ಬಿಳಿ ತಲೆಯನ್ನು ನೋಡಿದರು, ಹೊದಿಕೆಯ ಮೇಲೆ ಗಾಳಿಯಲ್ಲಿ ನಿಂತ ಅವನ ಕೈಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಅಪ್ಪಣೆ ಇತ್ತು, ಬೇಡಿಕೆಯೂ ಇತ್ತು. ಅವರು ನನ್ನನ್ನು ಏನನ್ನಾದರೂ ಬೇಡಿದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

"ಮೊನ್ನೆಯಿಂದ ಕಣೋ," ಎಂದರು. "ಇದ್ದಕ್ಕಿದ್ದ ಹಾಗೆ ಶುರುವಾಯ್ತು. ಮೊದ್ಲು ಏನೂ ಇರ್ಲಿಲ್ಲ."

ಹಿರಿಯರು ಹೇಳಿದ್ದನ್ನು ಇದ್ದ ಹಾಗೇ ಹೇಳುವುದು ಕಿವಿಯ ಕೆಲಸ. ಹೇಳಿದ್ದು ನಿಜವೇ ಎಂದು ನೋಡುವುದು ಅಲ್ಲ.

"ಮೊನ್ನೆಯಿಂದ ಕಣೋ," ಎಂದೆ. "ಇದ್ದಕ್ಕಿದ್ದ ಹಾಗೆ ಶುರುವಾಯ್ತು. ಮೊದ್ಲು ಏನೂ ಇರ್ಲಿಲ್ಲ."

ರಂಗಧಾಮ ಅಲುಗಲಿಲ್ಲ. ಅವನು ದಡ್ಡನಲ್ಲ. ಬೆರಳು ಎರಡು ದಿನದಲ್ಲಿ ಆ ಬಣ್ಣಕ್ಕೆ ತಿರುಗುವುದಿಲ್ಲ ಎಂದು ಡಾಕ್ಟರ್ ಶಾಹಿನಾ ಅವನಿಗೆ ಆಗಲೇ ಹೇಳಿದ್ದರು. ಅದು ನನಗೆ ಆಮೇಲೆ ತಿಳಿಯಿತು. ನಾನು ಸುಳ್ಳು ಹೇಳುವವಳಾಗಿದ್ದರೆ, ಅವನ ಮೇಲೆ ಹಗೆ ಇದ್ದವಳಾಗಿದ್ದರೆ, ಆ ಉತ್ತರ ಕೊಡುತ್ತಿರಲಿಲ್ಲ. ಅಂಥ ಸುಳ್ಳನ್ನು ಅವನಿಗಾಗಿ ಹೇಳುವವರು ಈ ಲೋಕದಲ್ಲಿ ಒಬ್ಬರೇ ಇದ್ದರು. ಅವನು ತಾಯಿಯ ಮುಖವನ್ನೇ ನೋಡುತ್ತ, "ಹೌದಾ ಅವ್ವಾ?" ಎಂದ. ಅತ್ತೆ ಕಣ್ಣು ಮುಚ್ಚಿಕೊಂಡರು. ಏನೂ ಹೇಳಲಿಲ್ಲ. ನಾನೂ ಏನೂ ಹೇಳಲಿಲ್ಲ.

ಅವನು ಎದ್ದು ಮೇಜಿನ ಹತ್ತಿರ ಹೋಗಿ ನಿಂತೇ ಸಹಿ ಹಾಕಿದ. ಪೆನ್ನನ್ನು ನನ್ನ ಕಡೆ ಚಾಚಿದ. ನಾನೂ ಹಾಕಿದೆ.

ಆ ಆಪರೇಷನ್ ಆದ ಮೇಲೆ ಅತ್ತೆ ಹತ್ತೊಂಬತ್ತು ತಿಂಗಳು ಬದುಕಿದರು. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಹೊಲಿಗೆಯ ಕೆಲಸ ಅಷ್ಟರ ಮಟ್ಟಿಗೆ ಹಿಂದೆ ಬಿತ್ತು, ಹಾಲಪ್ಪ ಗುಂಡಿಗೆ ಕಾಜ ಹೊಲಿಯುವುದನ್ನು ಕಲಿತ. ಭಾನುವಾರ ರಂಗಧಾಮನೂ ನಾನೂ ಒಟ್ಟಿಗೆ ಕೂರುತ್ತಿದ್ದೆವು. ತಾಯಿ ಮಗ ಮಂಡಿಯ ಹಳೆಯ ಜಗಳಗಳನ್ನು ಆಡುವಾಗ ನಡುವೆ ನನ್ನ ಗಂಟಲು ಒಣಗುತ್ತಿತ್ತು. ಗಾಲಿ ಕುರ್ಚಿಯಲ್ಲಿ ಅವರನ್ನು ಕೆರೆ ಏರಿಯ ಮೇಲೆ ತಳ್ಳಿಕೊಂಡು ಹೋದರೆ, ಎದುರು ಬಂದವರಿಗೆಲ್ಲ ಅವರು ಒಂದೊಂದು ಬೈಗುಳ ಇಡುತ್ತಿದ್ದರು. ಅದನ್ನು ಮಾತ್ರ ನಾನು ಎಲ್ಲರಿಗೂ ಹೇಳುತ್ತಿರಲಿಲ್ಲ. ಕೆಂಪರಾಜನ ವಿಷಯ ನಾವು ಮತ್ತೆ ಎತ್ತಲಿಲ್ಲ. ನಾನು ಕ್ಷಮಿಸಿದೆನೇ ಎಂದು ಹಾಲಪ್ಪ ಒಮ್ಮೆ ಕೇಳಿದ. ಗೊತ್ತಿಲ್ಲ ಎಂದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಯಾರೂ ಕೇಳದೆ ಕೆಂಪರಾಜ ಹೋದದ್ದು ಹಾಗೆಯೇ ಇದೆ, ಈಕೆಯನ್ನು ಕೇಳಿದ್ದರಿಂದ ಅದೇನೂ ಸರಿಹೋಗಲಿಲ್ಲ. ಇದಾದರೂ ಆಯಿತಲ್ಲ ಎಂದು ಮಾತ್ರ ಅನಿಸುತ್ತದೆ.

ಆ ಹತ್ತೊಂಬತ್ತು ತಿಂಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಮೊದಲ ದಿನ. ಮದ್ದಿನ ಮಂಪರು ಇಳಿದು ಅತ್ತೆ ಕಣ್ಣು ಬಿಟ್ಟದ್ದು ನಡುಮಧ್ಯಾಹ್ನ. ಆಸ್ಪತ್ರೆಯ ಕೋಣೆಯಲ್ಲಿ ನಾನು, ರಂಗಧಾಮ ಇಬ್ಬರೇ. ಅವರು ನಿಧಾನವಾಗಿ ಕೈ ಕೆಳಗೆ ಚಾಚಿ ಹೊದಿಕೆಯನ್ನು ತಡವಿದರು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು.

"ಹೋಯ್ತಾ?" ಎಂದರು.

"ಹೋಯ್ತು ಅತ್ತೆ. ನೀವು ಉಳ್ಕೊಂಡ್ರಿ."

ಅವರ ಬಾಯಿ ತೆರೆದುಕೊಂಡಿತು. ಅಷ್ಟು ದೊಡ್ಡ ಅಳು ನಾನು ಕೇಳಿದವಳಲ್ಲ. ಹೊಟ್ಟೆಯ ತಳದಿಂದ ಎದ್ದು ಬಂತು. ನಾನು ಮಂಚದ ಸರಳು ಹಿಡಿದುಕೊಂಡೆ. ಹೊರಗೆ ಪಡಸಾಲೆಯಲ್ಲಿ ಜನ ಮಾತಾಡಿಕೊಂಡು ಓಡಾಡುತ್ತಿದ್ದರು. ನರ್ಸ್ ಒಬ್ಬಳು ಬಾಗಿಲಲ್ಲಿ ಇಣುಕಿ, ಎಚ್ಚರವಾಗಿದ್ದಾರೆ ಎಂದು ಕಂಡು ಮುಗುಳ್ನಕ್ಕು ಹೋದಳು.

ರಂಗಧಾಮ ತಾಯಿಯ ಮುಖವನ್ನೂ ನನ್ನ ಮುಖವನ್ನೂ ನೋಡಿದ. "ಅಳ್ತಿದಾಳಾ ವಿಮಲಾ?" ಎಂದ.

"ಹೂಂ."

"ಜೋರಾಗಿ?"

"ತುಂಬಾ ಜೋರಾಗಿ ಭಾವ."

ಅವನು ಎದ್ದು ಹೋಗಿ, ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ ಬಾಗಿಲು ಹಾಕಿ ಬಂದ.